ಸಂಸತ್ತಿನಲ್ಲಿ ಮಹಿಳಾ ಪ್ರಾತಿನಿಧ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಹಿಳಾ ಪ್ರಾತಿನಿಧ್ಯವನ್ನು ಅಳೆಯುವುದು ಹೇಗೆ? ಸಂಸದೆಯರ ತಲೆ ಎಣಿಸಿದರೆ ಸಾಕೆ?

ಎಣಿಕೆಯಿಂದ ಆರಂಭಿಸಬೇಕು, ಅಲ್ಲಿಗೇ ನಿಲ್ಲಿಸಬಾರದು. ರಾಜಕೀಯ ಚಿಂತಕಿ ಹಾನಾ ಪಿಟ್ಕಿನ್ 1967ರಲ್ಲಿ ಪ್ರಾತಿನಿಧ್ಯದ ಬೇರೆ ಬೇರೆ ಬಗೆಗಳನ್ನು ವಿಂಗಡಿಸಿ ತೋರಿಸಿದರು. ಸಭೆಯಲ್ಲಿ ಕುಳಿತವರು ಜನಸಮುದಾಯವನ್ನು ಹೋಲುತ್ತಾರೆಯೇ ಎಂಬುದು ಒಂದು ಪ್ರಶ್ನೆಯಾದರೆ, ಹಾಗೆ ಕುಳಿತವರು ಆ ಸಮುದಾಯದ ಪರವಾಗಿ ಕೆಲಸ ಮಾಡುತ್ತಾರೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳಬಹುದು. ಎರಡನೆಯದನ್ನು ತಿಳಿಯಬೇಕಾದರೆ ಸಂಸತ್ತಿಗೆ ನಿಜವಾದ ಅಧಿಕಾರ ಎಷ್ಟಿದೆ, ಹಣಕಾಸು ಮತ್ತು ರಕ್ಷಣೆಯಂತಹ ಪ್ರಭಾವಿ ಸಮಿತಿಗಳಲ್ಲಿ ಯಾರಿದ್ದಾರೆ, ಮಸೂದೆಗಳ ಮೇಲೆ ಯಾರ ಮಾತು ನಡೆಯುತ್ತದೆ ಎಂಬುದನ್ನೆಲ್ಲ ನೋಡಬೇಕಾಗುತ್ತದೆ. ಆದರೂ ಸಭೆಯೊಳಗೆ ಇಲ್ಲದವರು ಅಲ್ಲಿ ಮಾತನಾಡಲಾರರು. ಆದ್ದರಿಂದಲೇ ಈ ಪುಟದ ಬಹುಭಾಗ ಮಹಿಳೆಯರು ಒಳಗೆ ಬರುವ ಬಾಗಿಲಿನ ಬಗ್ಗೆ ಇದೆ.

ಜಗತ್ತಿನಲ್ಲಿ ಸದ್ಯದ ಸ್ಥಿತಿ ಏನು?

ಜಿನೀವಾದಲ್ಲಿ ಕೇಂದ್ರ ಕಚೇರಿ ಹೊಂದಿರುವ, 1889ರಲ್ಲಿ ಸ್ಥಾಪನೆಯಾದ ಅಂತರ ಸಂಸದೀಯ ಒಕ್ಕೂಟವು ಎಲ್ಲ ದೇಶಗಳ ಸಂಸತ್ತುಗಳ ಲೆಕ್ಕವನ್ನು ಇಡುತ್ತದೆ. 1995ರಲ್ಲಿ ಜಗತ್ತಿನ ಸಂಸತ್ ಸದಸ್ಯರಲ್ಲಿ ಶೇ 11.3ರಷ್ಟು ಮಹಿಳೆಯರಿದ್ದರು. 2025ರ ಆರಂಭದ ಹೊತ್ತಿಗೆ ಆ ಪ್ರಮಾಣ ಶೇ 27.2 ಆಗಿತ್ತು. ಮೂವತ್ತು ವರ್ಷಗಳಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಗಿದೆ ಎಂಬುದು ನಿಜವೇ ಆದರೂ, ನಾಲ್ಕು ಸ್ಥಾನಗಳಲ್ಲಿ ಸುಮಾರು ಮೂರು ಇಂದಿಗೂ ಪುರುಷರ ಕೈಯಲ್ಲಿವೆ ಎಂಬುದೂ ಅಷ್ಟೇ ನಿಜ.

ಕೆಳಮನೆಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಹಿಳೆಯರಿರುವ ದೇಶಗಳು ಆಗ ಬೆರಳೆಣಿಕೆಯಷ್ಟೇ ಇದ್ದವು: ರುವಾಂಡಾ, ಕ್ಯೂಬಾ, ನಿಕರಾಗುವಾ, ಮೆಕ್ಸಿಕೊ, ಅಂಡೋರಾ ಮತ್ತು ಸಂಯುಕ್ತ ಅರಬ್ ಸಂಸ್ಥಾನ. ಈ ಪಟ್ಟಿಯನ್ನು ಎಚ್ಚರದಿಂದ ಓದಬೇಕು. ಇವುಗಳಲ್ಲಿ ಬಹುಪಕ್ಷ ಸ್ಪರ್ಧೆಯೇ ಇಲ್ಲದ ದೇಶವೂ ಇದೆ, ಸಂಸತ್ತು ಸಲಹೆ ನೀಡುವುದಕ್ಕಷ್ಟೇ ಸೀಮಿತವಾಗಿರುವ ದೇಶವೂ ಇದೆ. ಇನ್ನೊಂದು ತುದಿಯಲ್ಲಿ, ಶ್ರೀಮಂತಿಕೆ ಮತ್ತು ಶಿಕ್ಷಣದಲ್ಲಿ ಮುಂದಿರುವ ಜಪಾನ್‌ನ ಕೆಳಮನೆಗೆ 2024ರ ಚುನಾವಣೆಯಲ್ಲಿ ಆಯ್ಕೆಯಾದ 465 ಸದಸ್ಯರಲ್ಲಿ ಮಹಿಳೆಯರು 73 ಮಾತ್ರ. ದೇಶ ಅಭಿವೃದ್ಧಿ ಹೊಂದಿದರೆ ಪ್ರಾತಿನಿಧ್ಯವೂ ತಾನಾಗಿಯೇ ಹೆಚ್ಚುತ್ತದೆ ಎಂಬ ಮಾತಿಗೆ ಜಪಾನ್ ಒಂದೇ ಸಾಕಷ್ಟು ಉತ್ತರ.

ಮತದಾನದ ಹಕ್ಕು ಬಂದು ನೂರು ವರ್ಷವಾದರೂ ಸಂಖ್ಯೆ ಏಕೆ ಇಷ್ಟು ಕಡಿಮೆ?

ಮತ ಹಾಕುವ ಹಕ್ಕು, ಸ್ಪರ್ಧಿಸುವ ಹಕ್ಕು, ಗೆಲ್ಲುವಂತಹ ಅವಕಾಶ ಈ ಮೂರೂ ಒಟ್ಟಿಗೆ ಬರಲಿಲ್ಲ. ನ್ಯೂಜಿಲೆಂಡ್‌ನ ಮಹಿಳೆಯರು 1893ರಲ್ಲೇ ಮತದಾನದ ಹಕ್ಕು ಪಡೆದರು. ಸಂಸತ್ತಿಗೆ ಸ್ಪರ್ಧಿಸುವ ಹಕ್ಕು ಅವರಿಗೆ ದೊರೆತದ್ದು 1919ರಲ್ಲಿ, ಮೊದಲ ಸಂಸದೆ ಎಲಿಜಬೆತ್ ಮೆಕೂಂಬ್ಸ್ ಗೆದ್ದದ್ದು 1933ರಲ್ಲಿ. ಆಸ್ಟ್ರೇಲಿಯಾ 1902ರಲ್ಲಿ ಮತದಾನ ಮತ್ತು ಸ್ಪರ್ಧೆ ಎರಡರ ಹಕ್ಕನ್ನೂ ಒಟ್ಟಿಗೇ ಕೊಟ್ಟಿತು. ಮೂಲನಿವಾಸಿ ಮಹಿಳೆಯರಲ್ಲಿ ಬಹುಪಾಲಿನವರನ್ನು ಅದರಿಂದ ಹೊರಗಿಡಲಾಗಿತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಅಲ್ಲಿನ ಒಕ್ಕೂಟ ಸಂಸತ್ತಿಗೆ ಮಹಿಳೆಯರು ಮೊದಲು ಆಯ್ಕೆಯಾದದ್ದು 1943ರಲ್ಲಿ. ಹಕ್ಕಿಗೂ ಗೆಲುವಿಗೂ ನಡುವೆ 41 ವರ್ಷ ಕಳೆದಿದ್ದವು.

ಫಿನ್ಲೆಂಡ್‌ನಲ್ಲಿ ಮಾತ್ರ ಬೇರೆಯೇ ಆಯಿತು. 1906ರಲ್ಲಿ ಅಲ್ಲಿನ ಮಹಿಳೆಯರಿಗೆ ಎರಡೂ ಹಕ್ಕುಗಳು ದೊರೆತು, ಮರುವರ್ಷದ ಚುನಾವಣೆಯಲ್ಲೇ 200 ಸದಸ್ಯರ ಸಂಸತ್ತಿಗೆ 19 ಮಹಿಳೆಯರು ಆಯ್ಕೆಯಾದರು. ಮನೆಗೆಲಸದಾಕೆಯಾಗಿ ದುಡಿದಿದ್ದ ಮೀನಾ ಸಿಲ್ಲನ್‌ಪಾ ಅವರಲ್ಲೊಬ್ಬರು. 1926ರಲ್ಲಿ ಅವರು ಆ ದೇಶದ ಮೊದಲ ಮಹಿಳಾ ಸಚಿವೆಯಾದರು. ಆಸ್ಟ್ರೇಲಿಯಾದಲ್ಲಿ ನಾಲ್ಕು ದಶಕ ಹಿಡಿದದ್ದು ಫಿನ್ಲೆಂಡ್‌ನಲ್ಲಿ ಒಂದೇ ವರ್ಷದಲ್ಲಿ ಆಗಲು ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದದ್ದು, ಫಿನ್ಲೆಂಡ್ ಅದೇ ಸುಧಾರಣೆಯಲ್ಲಿ ಒಂದು ಕ್ಷೇತ್ರದಿಂದ ಅನೇಕ ಸದಸ್ಯರು ಆಯ್ಕೆಯಾಗುವ ಪದ್ಧತಿಯನ್ನೂ ತಂದಿತ್ತು ಎಂಬುದು.

ಮತದಾರರೇ ಮಹಿಳೆಯರಿಗೆ ಮತ ಹಾಕುವುದಿಲ್ಲ ಎನ್ನುತ್ತಾರಲ್ಲ?

ಈ ಮಾತನ್ನು ಹೆಚ್ಚಾಗಿ ಹೇಳುವವರು ಟಿಕೆಟ್ ಹಂಚುವವರು. ಮತದಾರರ ಮುಂದೆ ಬರುವ ಹೆಸರುಗಳನ್ನು ಮತದಾರರು ತೀರ್ಮಾನಿಸುವುದಿಲ್ಲ; ಪಕ್ಷಗಳು ತೀರ್ಮಾನಿಸುತ್ತವೆ. 2024ರ ಲೋಕಸಭಾ ಚುನಾವಣೆಯಲ್ಲಿ ಕಣದಲ್ಲಿದ್ದ ಅಭ್ಯರ್ಥಿಗಳ ಪೈಕಿ ಮಹಿಳೆಯರು ಶೇ 10ಕ್ಕಿಂತ ಕಡಿಮೆ ಇದ್ದರು, ಗೆದ್ದವರಲ್ಲಿ 543ಕ್ಕೆ 74, ಅಂದರೆ ಶೇ 13.6ರಷ್ಟು ಇದ್ದರು. ಇದರಿಂದ ಮತದಾರರು ಮಹಿಳೆಯರನ್ನೇ ಮೆಚ್ಚುತ್ತಾರೆ ಎಂದು ತೀರ್ಮಾನಿಸುವುದೂ ಆತುರವೇ, ಏಕೆಂದರೆ ಠೇವಣಿ ಕಳೆದುಕೊಳ್ಳುವ ಸಾವಿರಾರು ಪಕ್ಷೇತರರಲ್ಲಿ ಬಹುಪಾಲು ಪುರುಷರಿರುವುದರಿಂದ ಹೋಲಿಕೆ ಸ್ವಲ್ಪ ವಾಲುತ್ತದೆ. ಆದರೆ ಕಣಕ್ಕೇ ಇಳಿಯದವರನ್ನು ಮತದಾರರು ತಿರಸ್ಕರಿಸಿದರು ಎನ್ನುವುದಂತೂ ಸಾಧ್ಯವಿಲ್ಲ.

ಪಕ್ಷದ ಆಯ್ಕೆ ಸಮಿತಿ ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ: ಚುನಾವಣೆಗೆ ಹಣ ಹೊಂದಿಸಬಲ್ಲರೇ, ಕಾರ್ಯಕರ್ತರ ಪಡೆ ಇದೆಯೇ, ಹೊತ್ತುಗೊತ್ತಿಲ್ಲದೆ ಓಡಾಡಬಲ್ಲರೇ, ಹಿಂದೆ ಗೆದ್ದಿದ್ದಾರೆಯೇ. ಆಸ್ತಿ ಪುರುಷರ ಹೆಸರಿನಲ್ಲಿದ್ದು, ಮನೆವಾರ್ತೆ ಮಹಿಳೆಯರ ಪಾಲಿಗಿದ್ದು, ಹಾಲಿ ಸದಸ್ಯರೆಲ್ಲ ಪುರುಷರೇ ಆಗಿರುವ ಕಡೆ ಈ ಪ್ರಶ್ನೆಗಳಿಗೆ ಸಿಗುವ ಉತ್ತರ ಮೊದಲೇ ನಿಶ್ಚಯವಾಗಿರುತ್ತದೆ.

ಚುನಾವಣಾ ಪದ್ಧತಿಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಬಹಳ ಆಳವಾಗಿದೆ. ಒಂದು ಕ್ಷೇತ್ರಕ್ಕೆ ಒಬ್ಬರೇ ಸದಸ್ಯರಿರುವಾಗ ಪಕ್ಷಕ್ಕೆ ಕೊಡಲು ಇರುವುದು ಒಂದೇ ಟಿಕೆಟ್. ಅದನ್ನು ಮಹಿಳೆಗೆ ಕೊಡಬೇಕಾದರೆ ಒಬ್ಬ ಪುರುಷನಿಗೆ, ಬಹಳ ಸಲ ಹಾಲಿ ಸದಸ್ಯನಿಗೇ, ನಿರಾಕರಿಸಬೇಕು. ಪಟ್ಟಿ ಪದ್ಧತಿಯಲ್ಲಿ ಪಕ್ಷವು ಹತ್ತು ಅಥವಾ ಇಪ್ಪತ್ತು ಹೆಸರುಗಳ ಪಟ್ಟಿಯನ್ನು ಮುಂದಿಟ್ಟು, ತಾನು ಗಳಿಸಿದ ಮತಗಳ ಅನುಪಾತದಲ್ಲಿ ಸ್ಥಾನ ಪಡೆಯುತ್ತದೆ. ಇಪ್ಪತ್ತು ಹೆಸರುಗಳೂ ಪುರುಷರದ್ದೇ ಆಗಿದ್ದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಪಕ್ಷ ಅದಕ್ಕೆ ಸಮಜಾಯಿಷಿ ಕೊಡಬೇಕಾಗುತ್ತದೆ. ಅದೇ ಪಕ್ಷ ಇಪ್ಪತ್ತು ಬೇರೆ ಬೇರೆ ಕ್ಷೇತ್ರಗಳಲ್ಲಿ ಇಪ್ಪತ್ತು ಪುರುಷರನ್ನು ನಿಲ್ಲಿಸಿದರೆ, ಪ್ರತಿಯೊಂದಕ್ಕೂ ಸ್ಥಳೀಯ ಕಾರಣವೊಂದು ಸಿದ್ಧವಾಗಿರುತ್ತದೆ.

ನ್ಯೂಜಿಲೆಂಡ್ 1993ರವರೆಗೆ ಏಕಸದಸ್ಯ ಕ್ಷೇತ್ರಗಳ ಪದ್ಧತಿಯಲ್ಲಿದ್ದು, 1996ರಲ್ಲಿ ಕ್ಷೇತ್ರ ಮತ್ತು ಪಟ್ಟಿ ಎರಡೂ ಸೇರಿದ ಮಿಶ್ರ ಪದ್ಧತಿಗೆ ಬಂದಿತು. ಆ ಒಂದೇ ಚುನಾವಣೆಯಲ್ಲಿ ಸಂಸದೆಯರ ಪ್ರಮಾಣ ಸುಮಾರು ಶೇ 21ರಿಂದ ಶೇ 29ಕ್ಕೆ ಏರಿತು. ಹಾಗೆಂದು ಏಕಸದಸ್ಯ ಕ್ಷೇತ್ರಗಳಿರುವಲ್ಲಿ ಏನೂ ಆಗದು ಎಂದು ಕೈಚೆಲ್ಲಬೇಕಾಗಿಲ್ಲ. ಬ್ರಿಟನ್‌ನಲ್ಲಿ ಲೇಬರ್ ಪಕ್ಷವು ತಾನು ಗೆಲ್ಲಬಹುದಾದ ಕೆಲವು ಕ್ಷೇತ್ರಗಳಲ್ಲಿ ಮಹಿಳೆಯರ ನಡುವೆಯಷ್ಟೇ ಅಭ್ಯರ್ಥಿಯನ್ನು ಆರಿಸುವ ನಿಯಮ ತಂದಿದ್ದರಿಂದ 1997ರಲ್ಲಿ ಆ ಪಕ್ಷವೊಂದರಿಂದಲೇ 101 ಮಹಿಳೆಯರು ಕೆಳಮನೆ ಪ್ರವೇಶಿಸಿದರು. 1996ರಲ್ಲಿ ನ್ಯಾಯಮಂಡಳಿಯೊಂದು ಈ ನಿಯಮ ಕಾನೂನುಬಾಹಿರವೆಂದು ತೀರ್ಪಿತ್ತಿತ್ತು. 2002ರಲ್ಲಿ ಸಂಸತ್ತು ಕಾನೂನನ್ನೇ ತಿದ್ದಿ ಅದಕ್ಕೆ ದಾರಿ ಮಾಡಿಕೊಟ್ಟಿತು. 2024ರಲ್ಲಿ ಅಲ್ಲಿನ 650 ಸದಸ್ಯರಲ್ಲಿ 263 ಮಹಿಳೆಯರು ಗೆದ್ದರು.

ಕೋಟಾ ಮತ್ತು ಮೀಸಲು ಸ್ಥಾನ ಒಂದೇ ಅಲ್ಲವೆ?

ಅಲ್ಲ. ಮೀಸಲು ಸ್ಥಾನದಲ್ಲಿ ಫಲಿತಾಂಶವೇ ಖಚಿತ: ಇಂತಿಷ್ಟು ಸ್ಥಾನಗಳಲ್ಲಿ ಮಹಿಳೆಯರೇ ಕೂರುತ್ತಾರೆ. ಅಭ್ಯರ್ಥಿ ಕೋಟಾದಲ್ಲಿ ಪಕ್ಷವು ಇಂತಿಷ್ಟು ಮಹಿಳೆಯರನ್ನು ನಿಲ್ಲಿಸಬೇಕೆಂದು ಕಾನೂನು ಹೇಳುತ್ತದೆ, ಗೆಲುವು ಮತದಾರರಿಗೆ ಬಿಟ್ಟದ್ದು. ಇವೆರಡೂ ಅಲ್ಲದೆ ಪಕ್ಷಗಳು ಕಾನೂನಿನ ಒತ್ತಾಯವಿಲ್ಲದೆ ತಾವೇ ಹಾಕಿಕೊಳ್ಳುವ ಕೋಟಾ ಇದೆ. ನಾರ್ವೆಯ ಸಮಾಜವಾದಿ ಎಡಪಕ್ಷವು 1975ರಲ್ಲಿ, ಅದೇ ದೇಶದ ಲೇಬರ್ ಪಕ್ಷವು 1983ರಲ್ಲಿ ಶೇ 40ರ ನಿಯಮ ತಂದವು. ಸ್ವೀಡನ್‌ನಲ್ಲಿ ಈ ಕುರಿತು ಕಾನೂನು ಇಂದಿಗೂ ಇಲ್ಲ.

ಮೀಸಲು ಸ್ಥಾನಗಳನ್ನು ಯಾರು ತುಂಬುತ್ತಾರೆ ಎಂಬುದು ಅವುಗಳ ಸಂಖ್ಯೆಯಷ್ಟೇ ಮುಖ್ಯ. ಪಾಕಿಸ್ತಾನದ ರಾಷ್ಟ್ರೀಯ ಸಭೆಯ 60 ಮೀಸಲು ಸ್ಥಾನಗಳು ಪಕ್ಷಗಳು ಗೆದ್ದ ಸಾಮಾನ್ಯ ಸ್ಥಾನಗಳ ಅನುಪಾತದಲ್ಲಿ ಹಂಚಿಕೆಯಾಗುತ್ತವೆ, ಅಂದರೆ ಅಲ್ಲಿನ ಸದಸ್ಯೆಗೆ ತನ್ನದೆಂಬ ಕ್ಷೇತ್ರವಿಲ್ಲ. ರುವಾಂಡಾದ 80 ಸದಸ್ಯರ ಕೆಳಮನೆಯಲ್ಲಿ ಮಹಿಳೆಯರಿಗೆ ಮೀಸಲಾದ 24 ಸ್ಥಾನಗಳನ್ನು ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಸೇರಿ ಆರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಮತದಾರರ ಮುಂದೆ ನೇರವಾಗಿ ನಿಂತು ಗೆದ್ದ ಸದಸ್ಯೆಗೆ ಇರುವ ಬಲ ಪಕ್ಷದ ನಾಯಕರ ಕೃಪೆಯಿಂದ ಬಂದ ಸದಸ್ಯೆಗೆ ಇರುವುದಿಲ್ಲ. ಮೀಸಲಾತಿಯನ್ನು ರೂಪಿಸುವಾಗ ಮೊದಲು ಇತ್ಯರ್ಥವಾಗಬೇಕಾದ ವಿಷಯ ಇದೇ.

ಕಾನೂನು ಇದ್ದರೂ ಕೆಲವು ದೇಶಗಳಲ್ಲಿ ಸಂಖ್ಯೆ ಏರದಿರುವುದು ಏಕೆ?

ಕಾನೂನಿನ ಒಂದೊಂದು ಸಡಿಲ ಎಳೆಯನ್ನೂ ಪಕ್ಷಗಳು ಹುಡುಕಿ ಬಳಸಿಕೊಳ್ಳುತ್ತವೆ ಎಂಬುದಕ್ಕೆ ನಾಲ್ಕು ದೇಶಗಳ ಅನುಭವವನ್ನು ವಿವರವಾಗಿ ನೋಡುವುದು ಒಳ್ಳೆಯದು.

ಅರ್ಜೆಂಟೀನಾ 1991ರಲ್ಲಿ, ಅಭ್ಯರ್ಥಿಗಳ ಪಟ್ಟಿಯಲ್ಲಿ ಕನಿಷ್ಠ ಶೇ 30ರಷ್ಟು ಮಹಿಳೆಯರಿರಬೇಕೆಂಬ ಕಾನೂನು ಮಾಡಿತು. ಮಹಿಳೆಯರ ಹೆಸರುಗಳು ಪಟ್ಟಿಯ ಬಾಲದಲ್ಲಿರದೆ, ಗೆಲ್ಲುವ ಸಾಧ್ಯತೆ ಇರುವ ಕ್ರಮಾಂಕಗಳಲ್ಲಿ ಇರಬೇಕೆಂಬುದನ್ನೂ ಅದು ಸೇರಿಸಿತ್ತು. ಈ ಎರಡನೆಯ ಮಾತೇ ಆ ಕಾನೂನಿನ ಜೀವ. ಮಹಿಳಾ ಸಂಘಟನೆಗಳು ಅದರ ಪಾಲನೆಗಾಗಿ ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದವು. 2017ರಲ್ಲಿ ದೇಶ ಸಮಪಾಲಿನ ಕಾನೂನಿಗೆ ಬಂದು ನಿಂತಿತು.

ಫ್ರಾನ್ಸ್ 1999ರಲ್ಲಿ ಸಂವಿಧಾನವನ್ನು ತಿದ್ದಿ, 2000ದಲ್ಲಿ ಸಮಾನ ಸಂಖ್ಯೆಯ ಅಭ್ಯರ್ಥಿಗಳ ಕಾನೂನು ತಂದಿತು. ಆದರೆ ಕೆಳಮನೆಯ ಚುನಾವಣೆಯಲ್ಲಿ ಅದನ್ನು ಮುರಿದ ಪಕ್ಷಕ್ಕೆ ಇದ್ದ ಶಿಕ್ಷೆ ಸರ್ಕಾರಿ ಅನುದಾನದಲ್ಲಿ ಕಡಿತ ಮಾತ್ರ. ದೊಡ್ಡ ಪಕ್ಷಗಳು ದಂಡ ಕಟ್ಟಿ ಹಾಲಿ ಪುರುಷ ಸದಸ್ಯರನ್ನು ಉಳಿಸಿಕೊಂಡವು. 2002ರಲ್ಲಿ 577 ಸದಸ್ಯರಲ್ಲಿ ಮಹಿಳೆಯರು 71 ಮಾತ್ರ. ಕಡಿತದ ಪ್ರಮಾಣವನ್ನು 2014ರಲ್ಲಿ ಹೆಚ್ಚಿಸಿದ ಮೇಲೆ, ಹಾಗೂ 2017ರಲ್ಲಿ ಹೊಸ ಪಕ್ಷವೊಂದು ಹಾಲಿ ಸದಸ್ಯರ ಹೊರೆಯಿಲ್ಲದೆ ಕಣಕ್ಕಿಳಿದಾಗ, ಆ ಸಂಖ್ಯೆ 224ಕ್ಕೆ ಮುಟ್ಟಿತು.

ಬ್ರೆಜಿಲ್‌ನಲ್ಲಿ 1997ರಿಂದ ಶೇ 30ರ ಅಭ್ಯರ್ಥಿ ಕೋಟಾ ಇದೆ. ಪಕ್ಷಗಳು ಆ ಜಾಗಗಳನ್ನು ಖಾಲಿ ಬಿಟ್ಟವು. 2009ರಲ್ಲಿ ತುಂಬಲೇಬೇಕೆಂದು ತಿದ್ದುಪಡಿಯಾಯಿತು. ಆಗ ಪ್ರಚಾರವನ್ನೇ ಮಾಡದ, ಒಂದೂ ಮತ ಬೀಳದ ಹೆಸರಿಗಷ್ಟೇ ಅಭ್ಯರ್ಥಿಗಳು ಕಾಣಿಸಿಕೊಂಡರು. ಸಾರ್ವಜನಿಕ ಪ್ರಚಾರ ನಿಧಿಯ ಕನಿಷ್ಠ ಶೇ 30ರಷ್ಟನ್ನು ಮಹಿಳೆಯರಿಗೆ ಕೊಡಬೇಕೆಂದು 2018ರಲ್ಲಿ ನ್ಯಾಯಾಲಯಗಳು ಹೇಳಿದ ಮೇಲಷ್ಟೇ ಕೆಳಮನೆಯಲ್ಲಿ ಅವರ ಪಾಲು ಶೇ 15 ತಲುಪಿತು.

ಮೆಕ್ಸಿಕೊದಲ್ಲಿ 2009ರ ಚುನಾವಣೆಯ ನಂತರ ಗೆದ್ದ ಹಲವು ಮಹಿಳೆಯರು ರಾಜೀನಾಮೆ ಕೊಟ್ಟು, ತಮ್ಮ ಬದಲಿ ಸದಸ್ಯರಾಗಿ ಮೊದಲೇ ನೋಂದಾಯಿತರಾಗಿದ್ದ ಪುರುಷರಿಗೆ ಸ್ಥಾನ ಬಿಟ್ಟುಕೊಟ್ಟರು. ಸಾರ್ವಜನಿಕ ಆಕ್ರೋಶ ಭುಗಿಲೆದ್ದಿತು. ಬದಲಿ ಸದಸ್ಯರೂ ಮಹಿಳೆಯರೇ ಆಗಿರಬೇಕೆಂದು 2011ರಲ್ಲಿ ಚುನಾವಣಾ ನ್ಯಾಯಮಂಡಳಿ ಆದೇಶಿಸಿತು. 2014ರಲ್ಲಿ ಸಮಪಾಲು ಸಂವಿಧಾನಕ್ಕೇ ಸೇರಿತು, ಸೋಲುವುದು ಖಚಿತವಿರುವ ಕ್ಷೇತ್ರಗಳಿಗೆ ಮಹಿಳೆಯರನ್ನು ತಳ್ಳುವುದನ್ನೂ ನಿಷೇಧಿಸಲಾಯಿತು. 2021ರಲ್ಲಿ 500 ಸದಸ್ಯರ ಕೆಳಮನೆಯಲ್ಲಿ 250 ಮಹಿಳೆಯರು ಕುಳಿತರು. ಇಲ್ಲಿ ಮೆಚ್ಚಬೇಕಾದದ್ದು ಒಂದು ಕಾನೂನನ್ನಲ್ಲ. ಪ್ರತಿ ಚುನಾವಣೆಯ ನಂತರವೂ ಬಿರುಕು ಎಲ್ಲಿದೆ ಎಂದು ನೋಡಿ ಮುಚ್ಚಿಸಿದ, ಪಕ್ಷಭೇದ ಮರೆತು ಒಂದಾದ ಮಹಿಳೆಯರ ಪಟ್ಟುಹಿಡಿದ ದುಡಿಮೆಯನ್ನು.

ಇದಕ್ಕೆ ಪ್ರತಿಯಾಗಿ ಕೆನ್ಯಾದ 2010ರ ಸಂವಿಧಾನವು ಯಾವುದೇ ಚುನಾಯಿತ ಸಂಸ್ಥೆಯಲ್ಲಿ ಒಂದೇ ಲಿಂಗದವರು ಮೂರನೇ ಎರಡಕ್ಕಿಂತ ಹೆಚ್ಚಿರಬಾರದೆಂದು ಹೇಳಿದರೂ, ಅದನ್ನು ಜಾರಿಗೊಳಿಸುವ ಕಾನೂನನ್ನು ಸಂಸತ್ತು ಮಾಡಲೇ ಇಲ್ಲ. 2020ರಲ್ಲಿ ಅಲ್ಲಿನ ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಈ ಕಾರಣಕ್ಕಾಗಿ ಸಂಸತ್ತನ್ನೇ ವಿಸರ್ಜಿಸುವಂತೆ ರಾಷ್ಟ್ರಾಧ್ಯಕ್ಷರಿಗೆ ಸಲಹೆ ನೀಡಿದರು. ವಿಸರ್ಜನೆ ಆಗಲಿಲ್ಲ.

ಭಾರತ ಸಂವಿಧಾನದ 106ನೇ ತಿದ್ದುಪಡಿ ಇವುಗಳಲ್ಲಿ ಯಾವ ಬಗೆಗೆ ಸೇರುತ್ತದೆ?

ಅದು ನೇರ ಚುನಾವಣೆಯ ಮೀಸಲು ಸ್ಥಾನಗಳ ಬಗೆ. 1996ರಲ್ಲಿ ಮೊದಲ ಬಾರಿ ಮಸೂದೆಯಾಗಿ ಬಂದು, 2010ರಲ್ಲಿ ರಾಜ್ಯಸಭೆಯಲ್ಲಿ ಮಾತ್ರ ಅಂಗೀಕಾರ ಪಡೆದು ನಿಂತುಹೋಗಿದ್ದ ಈ ವಿಚಾರ, 2023ರ ಸೆಪ್ಟೆಂಬರ್‌ನಲ್ಲಿ ಹೊಸ ಮಸೂದೆಯಾಗಿ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ಲೋಕಸಭೆ, ರಾಜ್ಯಗಳ ವಿಧಾನಸಭೆಗಳು ಮತ್ತು ದೆಹಲಿ ವಿಧಾನಸಭೆಯಲ್ಲಿ ಮೂರನೇ ಒಂದರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೀಸಲು ಕ್ಷೇತ್ರಗಳೊಳಗೂ ಇದೇ ಅನುಪಾತ ಅನ್ವಯವಾಗಬೇಕು. ರಾಜ್ಯಸಭೆ ಮತ್ತು ವಿಧಾನ ಪರಿಷತ್ತುಗಳಿಗೆ ಇದು ಅನ್ವಯಿಸುವುದಿಲ್ಲ. ತಿದ್ದುಪಡಿ ಜಾರಿಗೆ ಬಂದ ನಂತರದ ಮೊದಲ ಜನಗಣತಿಯ ಅಂಕಿಅಂಶಗಳ ಆಧಾರದ ಮೇಲೆ ಕ್ಷೇತ್ರ ಮರುವಿಂಗಡಣೆ ನಡೆದ ಮೇಲೆ ಮೀಸಲಾತಿ ಆರಂಭವಾಗಬೇಕೆಂದು 2023ರ ಪಠ್ಯ ಹೇಳಿತು. ಆದ್ದರಿಂದ 2024ರ ಚುನಾವಣೆ ಅದಿಲ್ಲದೆಯೇ ನಡೆಯಿತು, ಮತ್ತು ಸಂಸದೆಯರ ಸಂಖ್ಯೆ 2019ರ 78ರಿಂದ 74ಕ್ಕೆ ಇಳಿಯಿತು.

ಮೀಸಲು ಕ್ಷೇತ್ರಗಳನ್ನು ಸರದಿಯ ಮೇಲೆ ಬದಲಾಯಿಸುವ ನಿಯಮದ ಬಗ್ಗೆ ಗಂಭೀರ ಆಕ್ಷೇಪವಿದೆ: ಮುಂದಿನ ಮರುವಿಂಗಡಣೆಯ ನಂತರ ತನ್ನ ಕ್ಷೇತ್ರ ಮೀಸಲಾಗಿ ಉಳಿಯುವುದಿಲ್ಲ ಎಂದು ತಿಳಿದ ಸದಸ್ಯೆ ಅಲ್ಲಿ ಬೇರೂರುವುದು ಕಷ್ಟ. ಹಿಂದುಳಿದ ವರ್ಗಗಳ ಮಹಿಳೆಯರಿಗೆ ಒಳಮೀಸಲಾತಿ ಇಲ್ಲವೆಂಬ ಆಕ್ಷೇಪ 1996ರಿಂದಲೂ ಇದೆ, ಮತ್ತು ಅದನ್ನು ಮಹಿಳಾ ಮೀಸಲಾತಿಯ ವಿರೋಧವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಕೋಟಾದಿಂದ ಅರ್ಹತೆಗೆ ಪೆಟ್ಟು ಬೀಳುವುದಿಲ್ಲವೆ?

ಈ ಪ್ರಶ್ನೆಯ ಹಿಂದೆ, ಈಗ ಗೆದ್ದು ಬಂದವರೆಲ್ಲ ಅರ್ಹತೆಯಿಂದಲೇ ಬಂದಿದ್ದಾರೆ ಎಂಬ ನಂಬಿಕೆ ಇದೆ. ಸ್ವೀಡನ್‌ನ ಸ್ಥಳೀಯ ಚುನಾವಣೆಗಳ ಕುರಿತು ಬೆಸ್ಲಿ, ಫೋಲ್ಕೆ, ಪರ್ಸನ್ ಮತ್ತು ರಿಕ್ನೆ ಎಂಬ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು. ಸೋಷಿಯಲ್ ಡೆಮಾಕ್ರಟ್ ಪಕ್ಷ ತನ್ನ ಪಟ್ಟಿಗಳಲ್ಲಿ ಮಹಿಳೆ ಮತ್ತು ಪುರುಷರ ಹೆಸರನ್ನು ಒಂದು ಬಿಟ್ಟು ಒಂದರಂತೆ ಇಡಲು ಆರಂಭಿಸಿದ ಮೇಲೆ, ಆಯ್ಕೆಯಾದ ಪುರುಷರ ಸರಾಸರಿ ಸಾಮರ್ಥ್ಯ ಹೆಚ್ಚಾಯಿತು ಎಂಬುದು ಅವರು ಕಂಡುಕೊಂಡದ್ದು. ಸಾಧಾರಣ ಮಟ್ಟದ ನಾಯಕರು ತಮ್ಮ ಸ್ಥಾನ ಉಳಿಸಿಕೊಳ್ಳಲು ಸಮರ್ಥರನ್ನು ದೂರವಿಡುತ್ತಿದ್ದರು. ಹೊಸ ನಿಯಮ ಅಂತಹವರನ್ನೇ ಹೊರಗೆ ಕಳಿಸಿತು.

ಗೆದ್ದ ಮಹಿಳೆಯರ ಹಿಂದೆ ಗಂಡ ಅಥವಾ ತಂದೆಯೇ ಆಡಳಿತ ನಡೆಸುತ್ತಾರೆ ಎಂಬ ಟೀಕೆ ಸರಿಯೆ?

ಅಂತಹ ಪ್ರಸಂಗಗಳು ಇವೆ. ಕುಟುಂಬದ ಹೆಸರಿನಿಂದ ಟಿಕೆಟ್ ಪಡೆಯುವುದು ಪುರುಷರಲ್ಲೂ ಧಾರಾಳವಾಗಿದೆ, ಆದರೆ ತಂದೆಯ ಕ್ಷೇತ್ರಕ್ಕೆ ಬಂದ ಮಗನನ್ನು ಉತ್ತರಾಧಿಕಾರಿ ಎಂದೂ ಮಗಳನ್ನು ಕೈಗೊಂಬೆ ಎಂದೂ ಕರೆಯುವ ರೂಢಿ ಇದೆ. ಈ ಎರಡು ಅಳತೆಗೋಲುಗಳನ್ನು ಒಪ್ಪಲಾಗದು.

ಮಹಿಳೆಯರು ಹೆಚ್ಚಾದರೆ ತೀರ್ಮಾನಗಳು ನಿಜವಾಗಿ ಬದಲಾಗುತ್ತವೆಯೆ?

ಇದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷ್ಯಗಳಲ್ಲೊಂದು ಸಂಸತ್ತಿನಿಂದಲ್ಲ, ಭಾರತದ ಗ್ರಾಮ ಪಂಚಾಯಿತಿಗಳಿಂದ ಬಂದಿದೆ. ಅಧ್ಯಕ್ಷ ಸ್ಥಾನದ ಮೀಸಲಾತಿ ಯಾವ ಪಂಚಾಯಿತಿಗೆ ಬರುತ್ತದೆ ಎಂಬುದು ಅಲ್ಲಿನ ಜನರ ಮನೋಭಾವವನ್ನು ಅವಲಂಬಿಸಿರದ ಕಾರಣ, ಮೀಸಲಾದ ಮತ್ತು ಮೀಸಲಾಗದ ಊರುಗಳನ್ನು ನ್ಯಾಯವಾಗಿ ಹೋಲಿಸಬಹುದು. ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ ಹಾಗೂ ರಾಜಸ್ಥಾನದಲ್ಲಿ ಹೀಗೆ ಹೋಲಿಸಿ, ಮಹಿಳಾ ಅಧ್ಯಕ್ಷರಿರುವ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಹಣ ತೊಡಗಿಸಿದ್ದನ್ನು 2004ರಲ್ಲಿ ತೋರಿಸಿದರು. ಎರಡೂ ಕಡೆ ಮಹಿಳೆಯರು ಪಂಚಾಯಿತಿಯ ಮುಂದಿಡುತ್ತಿದ್ದ ಬೇಡಿಕೆಗಳಲ್ಲಿ ನೀರು ಪ್ರಮುಖವಾಗಿತ್ತು.

ಸಂಸತ್ತಿನ ಮಟ್ಟದಲ್ಲಿ ಕಾರಣ ಮತ್ತು ಪರಿಣಾಮವನ್ನು ಬಿಡಿಸುವುದು ಇಷ್ಟು ಸುಲಭವಲ್ಲ. ಪಕ್ಷದ ಶಿಸ್ತು, ಸಚೇತಕರ ಆದೇಶ, ಸರ್ಕಾರದ ಬಹುಮತ ಎಲ್ಲವೂ ನಡುವೆ ಬರುತ್ತವೆ. ರುವಾಂಡಾದ ಕೆಳಮನೆ 2008ರಲ್ಲಿ ಶೇ 56ರಷ್ಟು ಮಹಿಳೆಯರೊಂದಿಗೆ ಜಗತ್ತಿನಲ್ಲೇ ಮೊದಲ ಮಹಿಳಾ ಬಹುಮತದ ಸದನವಾಯಿತು, ಲಿಂಗಾಧಾರಿತ ಹಿಂಸೆಯ ವಿರುದ್ಧದ ಕಾನೂನಿಗೆ ಅಲ್ಲಿನ ಸಂಸದೆಯರು ಮುಂದಾಗಿ ದುಡಿದರು. ಆದರೆ ಕಾರ್ಯಾಂಗವನ್ನು ಪ್ರಶ್ನಿಸುವ ಶಕ್ತಿ ಆ ಸಂಸತ್ತಿಗೆ ಎಷ್ಟಿದೆ ಎಂಬ ಸಂದೇಹವನ್ನು ಸಂಖ್ಯೆಯೊಂದೇ ಪರಿಹರಿಸದು.

ಗೆದ್ದು ಬಂದ ಮೇಲೆ ಸಂಸದೆಯರಿಗೆ ಎದುರಾಗುವ ಅಡ್ಡಿಗಳೇನು?

ಸಂಸತ್ತುಗಳನ್ನು ಕಟ್ಟಿದ್ದೇ ಪುರುಷರಿಗಾಗಿ. ಅಮೆರಿಕದ ಪ್ರತಿನಿಧಿ ಸಭೆಯ ಸಭಾಂಗಣದ ಸಮೀಪ ಸದಸ್ಯೆಯರಿಗಾಗಿ ಶೌಚಾಲಯ ಬಂದದ್ದು 2011ರಲ್ಲಿ, ಮೊದಲ ಸದಸ್ಯೆ ಜನೆಟ್ ರ್‍ಯಾಂಕಿನ್ ಅಲ್ಲಿಗೆ ಬಂದು 94 ವರ್ಷ ಕಳೆದ ಮೇಲೆ. ಬ್ರಿಟನ್‌ನಲ್ಲಿ 2019ರ ಜನವರಿಯಲ್ಲಿ ಮಹತ್ವದ ಮತದಾನವೊಂದಕ್ಕೆ ಹಾಜರಾಗಲು ಸಂಸದೆ ಟ್ಯುಲಿಪ್ ಸಿದ್ದೀಕ್ ತಮ್ಮ ಹೆರಿಗೆಯ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಿ ಗಾಲಿಕುರ್ಚಿಯಲ್ಲಿ ಬರಬೇಕಾಯಿತು. ಹೆರಿಗೆ ಮತ್ತು ಶಿಶುಪಾಲನೆಯ ರಜೆಯಲ್ಲಿರುವವರ ಪರವಾಗಿ ಇನ್ನೊಬ್ಬರು ಮತ ಹಾಕುವ ಏರ್ಪಾಡು ಅದಾದ ಮೇಲೆ ಜಾರಿಗೆ ಬಂತು. ಅದೇ ವರ್ಷ ಕೆನ್ಯಾದ ಸಂಸತ್ತಿನಿಂದ ಜುಲೈಕಾ ಹಸನ್ ಅವರನ್ನು ಕೂಸಿನೊಂದಿಗೆ ಹೊರಗೆ ಕಳಿಸಲಾಯಿತು. ನಾರ್ವೆ ಮತ್ತು ಸ್ವೀಡನ್‌ನಲ್ಲಿ ರಜೆಯ ಮೇಲಿರುವ ಸದಸ್ಯರ ಜಾಗದಲ್ಲಿ ಬದಲಿ ಸದಸ್ಯರು ಕೂರುವ ವ್ಯವಸ್ಥೆ ಬಹುಕಾಲದಿಂದ ಇದೆ, ಅದರಿಂದ ಯಾವ ಸಂಸತ್ತೂ ಕುಸಿದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಬೆದರಿಕೆ. ಅಂತರ ಸಂಸದೀಯ ಒಕ್ಕೂಟವು 2016ರಲ್ಲಿ 39 ದೇಶಗಳ 55 ಸಂಸದೆಯರನ್ನು ಮಾತನಾಡಿಸಿದಾಗ, ಅವರಲ್ಲಿ ಶೇ 81.8ರಷ್ಟು ಮಂದಿ ಮಾನಸಿಕ ಹಿಂಸೆಯನ್ನೂ, ಶೇ 44.4ರಷ್ಟು ಮಂದಿ ಕೊಲೆ, ಅತ್ಯಾಚಾರ, ಹಲ್ಲೆ ಅಥವಾ ಅಪಹರಣದ ಬೆದರಿಕೆಯನ್ನೂ ಎದುರಿಸಿದ್ದಾಗಿ ಹೇಳಿದರು. ಬೊಲಿವಿಯಾದಲ್ಲಿ ಸ್ಥಳೀಯ ಸದಸ್ಯೆ ಹುವಾನಾ ಕ್ವಿಸ್ಪೆ ಅವರ ಕೊಲೆಯಾದ ಮೇಲೆ, 2012ರಲ್ಲಿ ರಾಜಕೀಯದಲ್ಲಿ ಮಹಿಳೆಯರ ಮೇಲಿನ ಕಿರುಕುಳ ಮತ್ತು ಹಿಂಸೆಯನ್ನು ಅಪರಾಧವಾಗಿಸುವ ಪ್ರತ್ಯೇಕ ಕಾನೂನು ಬಂತು.

ಮಹಿಳೆಯೊಬ್ಬರು ಪ್ರಧಾನಿಯಾದರೆ ಸಾಲದೆ?

ಸಾಲದು. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದ ಚುನಾವಣೆಯಲ್ಲಿ ಬ್ರಿಟನ್‌ನ ಕೆಳಮನೆಗೆ ಗೆದ್ದ ಮಹಿಳೆಯರು 19 ಮಾತ್ರ. 1960ರಲ್ಲೇ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯನ್ನು ಕೊಟ್ಟ ಶ್ರೀಲಂಕಾದ ಸಂಸತ್ತಿನಲ್ಲಿ 2024ರ ಚುನಾವಣೆಯ ನಂತರವೂ 225ಕ್ಕೆ ಇಪ್ಪತ್ತಕ್ಕಿಂತ ತುಸು ಹೆಚ್ಚು ಮಹಿಳೆಯರಷ್ಟೇ ಇದ್ದರು, ಅದೇ ಅಲ್ಲಿನ ದಾಖಲೆ.

ಒಮ್ಮೆ ಏರಿದ ಸಂಖ್ಯೆ ಮತ್ತೆ ಇಳಿಯುವುದುಂಟೆ?

ಉಂಟು, ಮತ್ತು ಬಹಳ ಬೇಗ. ರೊಮೇನಿಯಾದಲ್ಲಿ 1980ರ ದಶಕದ ಏಕಪಕ್ಷ ಆಡಳಿತದಲ್ಲಿ ಮೂರನೇ ಒಂದರಷ್ಟಿದ್ದ ಮಹಿಳೆಯರ ಪಾಲು 1990ರ ಮೊದಲ ಮುಕ್ತ ಚುನಾವಣೆಯಲ್ಲಿ ಶೇ 5ರ ಆಸುಪಾಸಿಗೆ ಇಳಿಯಿತು. ಮೇಲಿನಿಂದ ಹೇರಿದ್ದು ಪಕ್ಷಗಳ ಒಳಗೆ ಬೇರು ಬಿಟ್ಟಿರಲಿಲ್ಲ. ಸ್ವೀಡನ್‌ನಲ್ಲಿ 1988ರಲ್ಲಿ ಶೇ 38 ಇದ್ದದ್ದು 1991ರಲ್ಲಿ ಶೇ 34ರ ಆಸುಪಾಸಿಗೆ ಬಂತು. ಅಲ್ಲಿನ ಮಹಿಳೆಯರು ಪ್ರತ್ಯೇಕ ಪಕ್ಷವನ್ನೇ ಕಟ್ಟುವುದಾಗಿ ಎಚ್ಚರಿಸಿದರು, ಪಕ್ಷಗಳು ಪಟ್ಟಿಗಳನ್ನು ಬದಲಿಸಿದವು, 1994ರಲ್ಲಿ ಪ್ರಮಾಣ ಶೇ 40 ದಾಟಿತು. ಅಫ್ಘಾನಿಸ್ತಾನದ 2004ರ ಸಂವಿಧಾನದಡಿ 249 ಸ್ಥಾನಗಳ ಕೆಳಮನೆಯಲ್ಲಿ 68 ಮಹಿಳೆಯರಿಗೆ ಜಾಗ ಖಚಿತವಾಗಿತ್ತು. 2021ರ ಆಗಸ್ಟ್‌ನಲ್ಲಿ ಮಹಿಳೆಯರ ಸ್ಥಾನಗಳೊಂದಿಗೆ ಸಂಸತ್ತೇ ಇಲ್ಲವಾಯಿತು. ಈಜಿಪ್ಟ್ 2010ರ ಚುನಾವಣೆಗಾಗಿ 64 ಮೀಸಲು ಸ್ಥಾನಗಳನ್ನು ಸೃಷ್ಟಿಸಿ, 2011ರಲ್ಲಿ ಅವುಗಳನ್ನು ರದ್ದುಪಡಿಸಿತು. ಚಳವಳಿಯ ಮುಂಚೂಣಿಯಲ್ಲಿ ಮಹಿಳೆಯರಿದ್ದ 2011ರ ಕ್ರಾಂತಿಯ ನಂತರ ಸೇರಿದ ಸಂಸತ್ತಿನಲ್ಲಿ ಅವರ ಪಾಲು ಸುಮಾರು ಶೇ 2 ಆಗಿತ್ತು. 2019ರಲ್ಲಿ ಶೇ 25ರ ಮೀಸಲಾತಿಯನ್ನು ಅದೇ ದೇಶ ಸಂವಿಧಾನದಲ್ಲಿ ಬರೆಯಿತು.